ಚಿಕ್ಕದರಲ್ಲಿ ಮೂವರು, ದೊಡ್ಡದರಲ್ಲಿ ಇಬ್ಬರು

ಎರಡು ಸಾವಿರದ ಆರನೆಯ ಇಸವಿ. ಆಗ ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಡಿಜಿಟಲ್ ಕಲರ್ ಲ್ಯಾಬ್‌ನಲ್ಲಿ ಹಿರಿಯ ಟಚಿಂಗ್ ಕಲಾವಿದೆ. ಹುದ್ದೆಯ ಹೆಸರು ಕೇಳಲು ದೊಡ್ಡದು. ಮಾಡುತ್ತಿದ್ದದ್ದು ಮಾತ್ರ ಮದುಮಗಳ ಮೊಡವೆ ಅಳಿಸುವುದು, ಮದುಮಗನ ನೆತ್ತಿಗೆ ಒಂದಿಷ್ಟು ಕೂದಲು ಹಚ್ಚುವುದು, ಮುಚ್ಚಿದ ಕಣ್ಣುಗಳನ್ನು ತೆರೆಸುವುದು. ದಿನಾ ಬೆಳಿಗ್ಗೆ ಧಾರವಾಡದಿಂದ ಬಸ್ಸು ಹಿಡಿದು ಬರುತ್ತಿದ್ದೆ, ಸಂಜೆ ಸೀಟು ಸಿಗದೆ ಗೊಣಗುತ್ತ ನಿಂತುಕೊಂಡೇ ಮನೆಗೆ ಹೋಗುತ್ತಿದ್ದೆ.

ಈ ಕಸುಬಿಗೆ ಬಂದದ್ದು ತೊಂಬತ್ತೊಂದರಲ್ಲಿ, ಧಾರವಾಡದ ಒಂದು ಸ್ಟುಡಿಯೋದಲ್ಲಿ. ಆಗ ಟಚಿಂಗ್ ಎಂದರೆ ನೆಗೆಟಿವ್ ಮೇಲಿನ ಕೆಲಸ. ಕೆಳಗಿನಿಂದ ಬೆಳಕು ಬೀಳುವ ಇಳಿಜಾರು ಮೇಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಷ್ಟು ಚೂಪಾದ ಪೆನ್ಸಿಲ್‌ನಿಂದ ಮುಖದ ಕಲೆಗಳನ್ನು ಚುಕ್ಕೆ ಚುಕ್ಕೆಯಾಗಿ ತುಂಬುವುದು. ಕೆಲಸ ಮುಗಿದ ಮೇಲೆ ಅದು ಒಂದು ಕಾಗದದ ಚೀಲ ಸೇರುತ್ತಿತ್ತು. ಚೀಲದ ಮೇಲೆ ನಂಬರು, ಹೆಸರು, ತಾರೀಖು. ಎಷ್ಟೋ ವರ್ಷ ಬಿಟ್ಟು ಯಾರಾದರೂ ಬಂದು, ನಮ್ಮಪ್ಪನ ಫೋಟೋ ಇನ್ನೊಂದು ಬೇಕಾಗಿತ್ತು ಎಂದರೆ, ಕಪಾಟಿನಿಂದ ತೆಗೆದು ಪ್ರಿಂಟ್ ಹಾಕಿ ಕೊಡುತ್ತಿದ್ದೆವು. ಡಿಜಿಟಲ್ ಬಂತು, ಕಪಾಟು ಹೋಯಿತು. ಕಾರ್ಡು ತುಂಬಿತೆಂದು ಜನ ಒಂದು ಗುಂಡಿ ಒತ್ತಿ ಇಡೀ ಮದುವೆಯನ್ನೇ ಅಳಿಸಿ ಕೂರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆ ಕಪಾಟನ್ನು ನಾನು ಇವತ್ತಿಗೂ ನೆನೆಯುತ್ತೇನೆ, ಅದರ ಹುಳಿ ವಾಸನೆಯ ಸಮೇತ.

ಆ ವರ್ಷ ದಸರೆಯ ಗದ್ದಲ ಮುಗಿದ ಮೇಲೆ ಒಂದು ಮಧ್ಯಾಹ್ನ, ಬಗಲಲ್ಲಿ ಕೂಸನ್ನು ಎತ್ತಿಕೊಂಡು ಒಬ್ಬ ಹುಡುಗಿ ಕೌಂಟರಿಗೆ ಬಂದಳು. ಹೆಸರು ರೇಣುಕಾ. ತವರು ಅಮ್ಮಿನಬಾವಿ. ಗಂಡ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ತೂಗುವ ಕೆಲಸದವನು. ಅಲ್ಲೇ ಹತ್ತಿರ ಬಾಡಿಗೆ ಮನೆ. ಅವಳ ಕೈಯಲ್ಲಿ ಒಂದು ಪ್ರಿಂಟ್ ಇತ್ತು. ಹಸಿರು ಸೀರೆ, ಮುಡಿ ತುಂಬ ಹೂ, ಕೈತುಂಬ ಬಳೆ, ಕುಬುಸ ಎಂದು ನಾವು ಕರೆಯುವ ಸೀಮಂತದ ದಿನದ ತುಂಬು ಬಸುರಿ, ಪಕ್ಕದಲ್ಲಿ ಗಂಡ. ಚಂದದ ಜೋಡಿ. ಆದರೆ ಅವಳ ಒಂದು ಭುಜದ ಮೇಲೆ ನಾಲ್ಕು ಬೆರಳುಗಳಿದ್ದವು. ಆ ಕೈ ಯಾರದೆಂದು ನೋಡಲು ಹೋದರೆ ಅಲ್ಲಿಗೆ ಫೋಟೋ ಮುಗಿದಿತ್ತು.

ನಾನು ವಾಡಿಕೆಯಂತೆ, ಬೆರಳು ಅಳಿಸಬೇಕೇನವ್ವಾ ಎಂದೆ. ಅವಳು ಪ್ರಿಂಟನ್ನು ಗಕ್ಕನೆ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ್ರಿ ಅಕ್ಕಾರ. ಈ ಬೆರಳಷ್ಟ ದೊಡ್ಡವು ಮಾಡಿ ಕೊಡ್ರಿ. ಉಳದದ್ದು ಬ್ಯಾಡ."

ಹದಿನೈದು ವರ್ಷದ ಕಸುಬಿನಲ್ಲಿ ನನಗೆ ಇಂಥ ಆರ್ಡರ್ ಬಂದಿರಲಿಲ್ಲ. ಕೂತುಕೋ ಎಂದು ಸ್ಟೂಲು ಕೊಟ್ಟೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ಹೇಳಿದ್ದನ್ನು ನಾನು ಇಲ್ಲಿ ನನ್ನ ಮಾತಿನಲ್ಲಿ ಹೇಳುತ್ತೇನೆ.

ಬೆರಳುಗಳು ಅವಳ ತಾಯಿ ಫಕೀರವ್ವನವು. ಕುಬುಸದ ದಿನ ರೇಣುಕಾಳ ಚಿಕ್ಕಪ್ಪನ ಮಗ ಮಂಜುನಾಥ ಹೊಸ ಡಿಜಿಟಲ್ ಕ್ಯಾಮೆರಾ ತಂದಿದ್ದ. ಬಾಗಿಲ ಮುಂದೆ ಗಂಡ ಹೆಂಡತಿಯನ್ನು ನಿಲ್ಲಿಸಿ ಗುಂಡಿ ಒತ್ತುವ ಹೊತ್ತಿಗೆ, ಮಗಳ ಸೆರಗು ಸರಿ ಮಾಡಲು ಬಂದ ಫಕೀರವ್ವ ಅವಳ ಭುಜದ ಮೇಲೆ ಕೈಯಿಟ್ಟು ನಿಂತುಬಿಟ್ಟಿದ್ದಳು. ಕ್ಯಾಮೆರಾದ ಹಿಂದಿನ ಚಿಕ್ಕ ಪರದೆಯಲ್ಲಿ ಫೋಟೋ ಆಗಲೇ ಕಾಣುತ್ತದೆಂಬುದು ಆಗ ದೊಡ್ಡ ಬೆರಗು. ಎಲ್ಲರೂ ಮುಗಿಬಿದ್ದು ನೋಡಿದರು. ಫಕೀರವ್ವನೂ ನೋಡಿದಳು, ನೋಡಿ ಹೌಹಾರಿದಳು. ಮೂರು ಮಂದಿ! ಬಸುರಿ ಮಗಳಿರುವ ಫೋಟೋ! ನನ್ನನ್ನು ಕತ್ತರಿಸಿ ಒಗಿ ಎಂದು ಮಂಜುನಾಥನಿಂದ ಆಣೆ ಹಾಕಿಸಿಕೊಂಡೇ ಅಡುಗೆ ಮನೆಗೆ ಹೋದಳಂತೆ. ಇನ್ನೊಂದು ಫೋಟೋ ತೆಗೆಯೋಣವೆಂದರೆ ಕ್ಯಾಮೆರಾದ ಸೆಲ್ ಖಾಲಿ.

ನಮ್ಮ ಕಡೆ ಗೊತ್ತಿರದವರು ಯಾರೂ ಇಲ್ಲ, ಆದರೂ ಹೇಳುತ್ತೇನೆ. ಮೂವರು ನಿಂತು ಫೋಟೋ ತೆಗೆಸಿಕೊಂಡರೆ ಒಬ್ಬರಿಗೆ ಕೇಡು ಎಂಬ ನಂಬಿಕೆ ಇದೆ. ಸ್ಟುಡಿಯೋಕ್ಕೆ ಮೂವರು ಬಂದರೆ ನಾವು ನಡುವೆ ಒಂದು ಗೊಂಬೆ ಇಡುತ್ತಿದ್ದೆವು. ಗೊಂಬೆಯೂ ನಡೆಯದು ಎನ್ನುವ ಹಟಮಾರಿಗಳಿಗಾಗಿ ಮಾಲೀಕರು ನನ್ನನ್ನೇ ಕರೆದು ನಿಲ್ಲಿಸುತ್ತಿದ್ದರು. ಧಾರವಾಡದ ಎಷ್ಟು ಮನೆಗಳ ಗೋಡೆಯ ಮೇಲೆ ನಾನು ಸಂಬಂಧವಿಲ್ಲದ ಅತ್ತೆಯಾಗಿ ನಿಂತಿದ್ದೇನೋ, ಆ ದೇವರಿಗೇ ಗೊತ್ತು. ಹಾಗಾಗಿ ಫಕೀರವ್ವನ ಹೆದರಿಕೆ ನನಗೆ ನಗೆಪಾಟಲು ಅನ್ನಿಸಲಿಲ್ಲ. ಮಂಜುನಾಥ ಕೊಟ್ಟ ಮಾತಿನಂತೆ ಮನೆಯ ಕಂಪ್ಯೂಟರಿನಲ್ಲಿ ಅವಳಿದ್ದ ಭಾಗ ಕತ್ತರಿಸಿ ಅದೇ ಫೈಲಿನ ಮೇಲೆ ಉಳಿಸಿದ. ಕಾರ್ಡನ್ನೂ ಖಾಲಿ ಮಾಡಿದ. ಬೆರಳು ಉಳಿದದ್ದು ಅವನ ಕೈಚಳಕದ ಕೊರತೆಯಿಂದ.

ಹೆರಿಗೆಗೆ ಇನ್ನೂ ದಿನ ಇರುವಾಗ ಫಕೀರವ್ವ ಎದೆನೋವೆಂದು ಕಟ್ಟೆಯ ಮೇಲೆ ಕೂತವಳು ಮೇಲೇಳಲಿಲ್ಲ.

ಅವಳದು ಬೇರೆ ಒಂದೂ ಫೋಟೋ ಇಲ್ಲವೇ ಎಂದು ಕೇಳಿದೆ. ಇರಲಿಲ್ಲ. ಓಟಿನ ಗುರುತಿನ ಚೀಟಿಗೆ ಫೋಟೋ ತೆಗೆಯಲು ಊರಿಗೆ ಬಂದ ದಿನ ಅವಳು ಹೊಲದಲ್ಲಿದ್ದಳು. ಮಗಳ ಮದುವೆ ಮಠದಲ್ಲಿ ನಡೆದ ಸಾಮೂಹಿಕ ಮದುವೆ. ವೇದಿಕೆಯ ಮೇಲೆ ಸಾಲಾಗಿ ನಿಂತ ಜೋಡಿಗಳದ್ದು ಒಂದೇ ಫೋಟೋ, ತಾಯಂದಿರೆಲ್ಲ ಕೆಳಗೆ ಜನರ ನಡುವೆ.

"ಕಣ್ಣ ಮುಚ್ಚಿದ್ರ ಮೊದಲ ಅವ್ವನ ಮಾರಿ ಕಾಣತಿತ್ತರಿ ಅಕ್ಕಾರ. ಈಗ ಬರೇ ಸೀರಿ ಕಾಣತೈತಿ."

ನನ್ನ ಅವ್ವ ಹೋಗಿಯೂ ಆಗ ಬಹಳ ವರ್ಷವಾಗಿರಲಿಲ್ಲ. ಆದರೆ ನನ್ನ ಅವ್ವನ ಫೋಟೋಗಳು ಟ್ರಂಕಿನ ತುಂಬ ಇದ್ದವು. ಟಚಿಂಗ್ ಮಾಡುವವಳ ಅವ್ವ, ಫೋಟೋಕ್ಕೇನು ಬರ.

ಪ್ರಿಂಟನ್ನು ಸ್ಕ್ಯಾನ್ ಮಾಡಿ ಬೆರಳು ಹಿಗ್ಗಿಸಿದರೆ ಬರೀ ಕಾಳು ಕಾಳು ಬರುತ್ತದೆ, ಮಂಜುನಾಥನ ಹತ್ತಿರ ಫೈಲು ಇದ್ದರೆ ಸಿಡಿಗೆ ಹಾಕಿಸಿಕೊಂಡು ಬಾ ಎಂದು ಕಳಿಸಿದೆ. ಮರುವಾರ ಸಿಡಿ ತಂದಳು. ಕೊಡುವಾಗ ತಡವರಿಸಿ, ಮೊದಲ ಸಲ ಹೇಳದ ಮಾತೊಂದನ್ನು ಹೇಳಿದಳು. ಮಣ್ಣು ಮಾಡಿ ಬಂದ ದಿನ ಮನೆಯಲ್ಲಿ ಯಾರೋ ಅಂದರಂತೆ, ಮೂರು ಮಂದಿಯ ಫೋಟೋ ಒಬ್ಬರನ್ನು ಕೇಳಿತು, ಮಗಳ ಪಾಲಿನದನ್ನು ತಾಯಿ ತಾನು ತೆಗೆದುಕೊಂಡಳು ಎಂದು. ಅಂದವರಿಗೆ ಅದು ಸಮಾಧಾನದ ಮಾತು. ಈ ಹುಡುಗಿ ಮಾತ್ರ ಅಂದಿನಿಂದ ತನ್ನ ಕೂಸಿನ ಮುಖ ನೋಡಿದಾಗಲೆಲ್ಲ ಅದನ್ನೇ ಜಪಿಸುತ್ತಿದ್ದಳು. ನಾನು ಅವಳನ್ನೇ ಗದರಿದೆ, ಹುಚ್ಚಿ, ಎದೆನೋವಿಗೂ ಫೋಟೋಕ್ಕೂ ಏನು ಸಂಬಂಧ ಎಂದೆ. ತಲೆಯಾಡಿಸಿದಳು. ನಂಬಲಿಲ್ಲ ಎಂದು ಗೊತ್ತಾಯಿತು.

ಅವಳು ಹೋದ ಮೇಲೆ ಸಿಡಿ ಹಾಕಿದೆ. ಕುಬುಸದ ಫೋಟೋಗಳ ಫೋಲ್ಡರ್ ತೆರೆದೊಡನೆ ಪರದೆಯ ಮೇಲೆ ಅಂಚೆ ಚೀಟಿಯಷ್ಟು ಚಿಕ್ಕ ಚಿಕ್ಕ ಚಿತ್ರಗಳು ಸಾಲಾಗಿ ಬಂದವು. ಅದರಲ್ಲೊಂದು ಹಸಿರು ಸೀರೆಯದು. ಗಂಡ, ಹೆಂಡತಿ, ಪಕ್ಕದಲ್ಲಿ ಸೆರಗು ಹೊದ್ದ ಒಬ್ಬ ಹೆಂಗಸು. ಮೂವರು. ಕ್ಲಿಕ್ ಮಾಡಿ ದೊಡ್ಡದಾಗಿ ತೆರೆದೆ. ಇಬ್ಬರು. ಮುಚ್ಚಿದೆ. ಮೂವರು. ಮತ್ತೆ ತೆರೆದೆ. ಇಬ್ಬರು.

ಸುಳ್ಳು ಯಾಕೆ ಹೇಳಲಿ, ಹಗಲು ಹೊತ್ತಿನಲ್ಲೇ ಮೈ ಜುಂ ಎಂದಿತು. ಆಮೇಲೆ ವೈರಸ್ ಇರಬೇಕೆಂದು ಕಂಪ್ಯೂಟರಿಗೆ ಬೈದೆ. ಕೊನೆಗೆ ನಮ್ಮ ಪ್ರಿಂಟಿಂಗ್ ಮಶೀನಿನ ಸರ್ವಿಸ್ ಎಂಜಿನಿಯರ್‌ಗೆ ಫೋನ್ ಮಾಡಿದೆ. ಅವರು ಮೊದಲು ಚೆನ್ನಾಗಿ ನಕ್ಕರು, ಆಮೇಲೆ ತಾಳ್ಮೆಯಿಂದ ತಿಳಿಸಿದರು.

ಅವರು ಹೇಳಿದ್ದು ಇಷ್ಟು. ಡಿಜಿಟಲ್ ಕ್ಯಾಮೆರಾ ಚಿತ್ರವನ್ನಷ್ಟೇ ಉಳಿಸುವುದಿಲ್ಲ. ಅದೇ ಫೈಲಿನೊಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ, ಆ ಚಿತ್ರದ ಬಗ್ಗೆ ಒಂದಿಷ್ಟು ಮಾಹಿತಿಯನ್ನೂ ಬರೆದಿಡುತ್ತದೆ. ಇದಕ್ಕೆ ಮೆಟಾಡೇಟಾ ಎನ್ನುತ್ತಾರೆ. ಯಾವ ಕ್ಯಾಮೆರಾ, ಯಾವ ತಾರೀಖು, ಎಷ್ಟು ಹೊತ್ತು ಬೆಳಕು ಬಿಟ್ಟಿತು, ಫ್ಲ್ಯಾಶ್ ಹೊಡೆಯಿತೋ ಇಲ್ಲವೋ, ಮೂಲ ಚಿತ್ರದ ಅಗಲ ಎತ್ತರ ಎಷ್ಟು, ಎಲ್ಲ. ಜೊತೆಗೆ ಥಂಬ್‌ನೇಲ್ ಎಂಬ ಒಂದು ಪುಟ್ಟ ಪ್ರತಿ, ಬೇಗ ತೋರಿಸಲು ಅನುಕೂಲವಾಗಲೆಂದು. ಫೋಟೋವನ್ನು ಕತ್ತರಿಸಿದಾಗ ಒಳ್ಳೆಯ ಸಾಫ್ಟ್‌ವೇರ್ ಈ ಪುಟ್ಟ ಪ್ರತಿಯನ್ನೂ ಬದಲಿಸುತ್ತದೆ. ಕೆಲವು ಸೋಮಾರಿ ಸಾಫ್ಟ್‌ವೇರ್‌ಗಳು ಅದನ್ನು ಮುಟ್ಟುವುದೇ ಇಲ್ಲ. ಮಂಜುನಾಥನದು ಆ ಜಾತಿಯದು.

ನಾನು ಎಷ್ಟು ವರ್ಷ ಬೈದಿದ್ದೆ, ಡಿಜಿಟಲ್‌ಗೆ ನೆಗೆಟಿವ್ ಇಲ್ಲ, ಚೀಲ ಇಲ್ಲ ಎಂದು. ಚೀಲ ಇತ್ತು. ಫೈಲಿನ ಹೊಟ್ಟೆಯೊಳಗೇ ಹೊಲಿದಿಟ್ಟಿದ್ದರು, ನನಗೆ ಗೊತ್ತಿರಲಿಲ್ಲ ಅಷ್ಟೆ.

ಎಂಜಿನಿಯರ್ ಹೇಳಿದ ಒಂದು ಚಿಕ್ಕ ಪ್ರೋಗ್ರಾಂನಿಂದ ಆ ಮಾಹಿತಿಯನ್ನೆಲ್ಲ ತೆರೆದು ಓದಿದೆ. ಮೂಲ ಚಿತ್ರದ ಅಗಲಕ್ಕೂ ಈಗಿನದಕ್ಕೂ ಹೋಲಿಸಿದರೆ ಮೂರರಲ್ಲೊಂದು ಪಾಲು ಹೋಗಿತ್ತು. ತಾರೀಖು ನೋಡಿ ಮಾತ್ರ ನಗು ಬಂತು. ಮಂಜುನಾಥ ಕ್ಯಾಮೆರಾದ ಗಡಿಯಾರವನ್ನು ಕೊಂಡಾಗಿನಿಂದ ಮುಟ್ಟಿರಲಿಲ್ಲ. ಅದರ ಲೆಕ್ಕದಲ್ಲಿ ರೇಣುಕಾಳ ಕುಬುಸ ಅವಳ ಮದುವೆಗಿಂತ ಎಷ್ಟೋ ಮೊದಲೇ ನಡೆದಿತ್ತು. ಕೇಳಿಸಿಕೊಂಡರೆ ಮಠದವರೇ ಗಾಬರಿಯಾಗಬೇಕು. ಫ್ಲ್ಯಾಶ್ ಹೊಡೆದಿಲ್ಲ ಎಂದಿತ್ತು. ಅಂದರೆ ಆ ಹೆಂಗಸಿನ ಹಣೆಯ ಮೇಲೆ ಕಪ್ಪಗೆ ಕಂಡದ್ದು ಕಲೆಯಲ್ಲ, ಬಿಸಿಲಿಗೆ ಬಿದ್ದ ಸೆರಗಿನ ನೆರಳು.

ಥಂಬ್‌ನೇಲ್ ಅನ್ನು ಬೇರೆ ಫೈಲಾಗಿ ಹೊರತೆಗೆದೆ. ಅಗಲಕ್ಕೆ ನೂರ ಅರವತ್ತು ಚುಕ್ಕೆ, ಎತ್ತರಕ್ಕೆ ನೂರ ಇಪ್ಪತ್ತು. ಡಿಜಿಟಲ್ ಚಿತ್ರವೆಲ್ಲ ಇಂಥ ಚುಕ್ಕೆಗಳಿಂದಲೇ ಆಗುತ್ತದೆ, ರಂಗೋಲಿಯ ಹಾಗೆ. ಸಾಧಾರಣ ಪ್ರಿಂಟಿಗೆ ಇಂಥವು ಲಕ್ಷಗಟ್ಟಲೆ ಬೇಕು. ಇಲ್ಲಿ ಫಕೀರವ್ವನ ಮುಖಕ್ಕೆ ಸಿಕ್ಕದ್ದು ಒಂದು ಹಿಡಿ ಚುಕ್ಕೆ. ಪ್ರಿಂಟ್ ಹಾಕಿದರೆ ತೊಗರಿ ಬೇಳೆಯಷ್ಟು ಮುಖ.

ಕೈ ಸುಮ್ಮನಿರಲಿಲ್ಲ. ಕಸುಬಿನ ಸೊಕ್ಕು ಎನ್ನಿ ಬೇಕಾದರೆ. ಆ ಬೇಳೆಯನ್ನು ಹಿಗ್ಗಿಸಿ, ಎರಡು ದಿನ ಊಟದ ಬಿಡುವಿನಲ್ಲಿ ಕೂತು, ಮಗಳ ಮುಖದ ಅಂದಾಜಿನ ಮೇಲೆ ಕಣ್ಣು ಮೂಗು ತಿದ್ದಿ, ಒಂದು ದೊಡ್ಡ ಮುಖ ಮಾಡಿದೆ. ಫ್ರೇಮ್ ಹಾಕಿ ಗೋಡೆಗೆ ತೂಗುಹಾಕುವಂಥದ್ದು. ಲ್ಯಾಬ್‌ನವರೆಲ್ಲ ಹೊಗಳಿದರು. ಅಮರಗೋಳದ ಮನೆಯ ಹತ್ತಿರದ ಅಂಗಡಿಗೆ ಫೋನ್ ಮಾಡಿ, ಬೆರಳಿಗಿಂತ ಹೆಚ್ಚಿನದೇ ಸಿಕ್ಕಿದೆ, ಬಾ ಎಂದು ಸುದ್ದಿ ಮುಟ್ಟಿಸಿದೆ.

ರೇಣುಕಾ ಕೂಸನ್ನೆತ್ತಿಕೊಂಡು ತಂದೆಯ ಜೊತೆ ಬಂದಳು. ಬಸಪ್ಪ ಎಂದು ಹೆಸರು, ಬಿಳಿ ಟೊಪ್ಪಿಗೆ, ಮಾತು ಕಡಿಮೆ. ನಾನು ಹೆಮ್ಮೆಯಿಂದ ಆ ದೊಡ್ಡ ಪ್ರಿಂಟನ್ನು ಅವರ ಮುಂದಿಟ್ಟೆ. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಇಕಿ ಯಾರ್ರೀ?" ಎಂದರು. ನಾನು ಬಾಯಿ ಬಿಡುವ ಮೊದಲೇ, ನನ್ನ ಮನಸ್ಸು ನೋಯಬಾರದೆಂದೋ ಏನೋ, ಸಾವಕಾಶ ಸೇರಿಸಿದರು: "ಚಂದ ಅದಾಳ. ಆದ್ರ ನಮ್ಮಾಕಿ ಅಲ್ಲ."

ಅವಮಾನವಾಯಿತೇ ಎಂದರೆ, ಹೂಂ, ಆಯಿತು. ಎದ್ದು ಆ ಪ್ರಿಂಟನ್ನು ಮೇಜಿನ ಕೆಳಗೆ ತಳ್ಳಿ ಅವರನ್ನು ಕಂಪ್ಯೂಟರಿನ ಮುಂದೆ ಕರೆದೆ. ಇದರಿಂದ ಮಾಡಿದ್ದು ಕಾಕಾ ಎಂದು ಥಂಬ್‌ನೇಲ್ ತೆರೆದೆ, ತಿದ್ದದೆ, ಹಿಗ್ಗಿಸದೆ. ಬಸಪ್ಪ ಕಾಕಾ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಕಣ್ಣು ಮೂಗು ಏನೂ ಸರಿಯಾಗಿ ಕಾಣದ ಆ ಮುಖವನ್ನು ಅವರು ನೋಡಿದ ಕೂಡಲೇ ಗುರುತಿಸಿದರು. ಕುತ್ತಿಗೆಯನ್ನು ಒಂದು ಕಡೆ ಸ್ವಲ್ಪ ವಾಲಿಸಿ ನಿಂತಿದ್ದಳು. ಬುತ್ತಿ ಹೊತ್ತು ಹೊತ್ತು ಹಾಗಾಗಿತ್ತಂತೆ.

ಇದನ್ನು ಹೀಗೇ ಪ್ರಿಂಟ್ ಹಾಕಿ ಕೊಡಿ ಎಂದರು. ನನಗೆ ವ್ಯವಹಾರದ ಮಾತು ಹೇಳದೆ ಇರಲಾಗಲಿಲ್ಲ. ಇದು ಅಂಚೆ ಚೀಟಿಗಿಂತ ದೊಡ್ಡದಾದರೆ ಒಡೆದು ಹೋಗುತ್ತದೆ, ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಲೂ ಜಾಗ ಸಾಲದು ಎಂದೆ.

"ಕುಂಕುಮ ಹಚ್ಚಿದ್ರ ಮಾರೀನ ಮುಚ್ಚತೈತಿ," ಎಂದರು ಕಾಕಾ. "ಹಂಗ ಇರ್ಲಿ ಬಿಡ್ರಿ. ಇನ್ನೂ ಬದುಕಿದಂಗ ಕಾಣ್ತಾಳ."

ಇಷ್ಟೆಲ್ಲ ನಡೆಯುವಾಗ ರೇಣುಕಾ ಎಲ್ಲಿದ್ದಳು ಎಂದು ನೋಡಿದರೆ, ನಮಗೆ ಬೆನ್ನು ಮಾಡಿ ಕೌಂಟರ್ ಹತ್ತಿರ ನಿಂತಿದ್ದಳು. ಯಾವ ಮುಖಕ್ಕಾಗಿ ಇಷ್ಟು ಅಲೆದಳೋ ಅದು ಎರಡು ಮಾರು ದೂರದಲ್ಲಿದೆ, ಇವಳು ತಿರುಗಿ ನೋಡುತ್ತಿಲ್ಲ. ಬಾರವ್ವಾ ಎಂದೆ. ಬರಲಿಲ್ಲ. ಕೂಸಿನ ತಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಅದರಲ್ಲಿ ಮೂರು ಮಂದಿ ಇದ್ದಾರಾ ಎಂದು ಅಲ್ಲಿಂದಲೇ ಕೇಳಿದಳು. ಇದ್ದಾರೆ ಎಂದೆ. ಹಾಗಾದರೆ ಕೂಸಿನ ಕಣ್ಣಿಗೆ ಅದು ಬೀಳುವುದು ಬೇಡ, ನಾನೂ ನೋಡುವುದಿಲ್ಲ, ಅವ್ವನದಷ್ಟೇ ಕತ್ತರಿಸಿ ಅಪ್ಪನ ಕೈಗೆ ಕೊಡಿ ಎಂದಳು. ಅಳು ತಡೆದು ಮಾತಾಡುವವರ ದನಿ ಇರುತ್ತದಲ್ಲ, ಹಾಗಿತ್ತು.

ನಾನು ಬುದ್ಧಿ ಹೇಳಲು ಬಾಯಿ ತೆರೆದೆ. ಮೆಟಾಡೇಟಾ, ಥಂಬ್‌ನೇಲ್, ಎದೆರೋಗ, ಏನೇನೋ ನಾಲಿಗೆಯ ತುದಿಗೆ ಬಂದಿದ್ದವು. ಬಸಪ್ಪ ಕಾಕಾ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು. ಎದ್ದು ಹೋಗಿ ಮಗಳ ರಟ್ಟೆ ಹಿಡಿದು ಪರದೆಯ ಮುಂದೆ ತಂದು ನಿಲ್ಲಿಸಿದರು. ಅವಳು ಕಣ್ಣು ಮುಚ್ಚಿಕೊಂಡೇ ಬಂದಳು. ಕಾಕಾ ಗಾಜಿನ ಮೇಲೆ ಬೆರಳಿಟ್ಟು, ಬಿತ್ತುವಾಗ ಕಾಳು ಎಣಿಸುವವರ ಹಾಗೆ ಎಣಿಸತೊಡಗಿದರು. ಹೆಂಡತಿಯ ಮೇಲೆ ಒಂದು, ಮಗಳ ಮೇಲೆ ಎರಡು, ಅಳಿಯನ ಮೇಲೆ ಮೂರು. ಆಮೇಲೆ ಅದೇ ಕೈಯನ್ನು ಪರದೆಯಿಂದ ತೆಗೆದು ಮಗಳ ಬಗಲಲ್ಲಿದ್ದ ಕೂಸಿನ ನೆತ್ತಿಯ ಮೇಲಿಟ್ಟರು.

"ಇದು ಆವತ್ತ ಎಲ್ಲಿತ್ತು, ಹೇಳು? ನಾಕು. ನೀವು ನಾಕ ಮಂದಿ ನಿಂತೀರಿ. ನಿಮ್ಮವ್ವ ಎಣಿಸೂದ ತಪ್ಪಿದ್ಳು."

ರೇಣುಕಾ ಕಣ್ಣು ಬಿಟ್ಟಳು. ಎಷ್ಟು ಹೊತ್ತು ನೋಡಿದಳೋ ನಾನು ಹೇಳಲಾರೆ, ಏಕೆಂದರೆ ನನ್ನ ಕಣ್ಣಿಗೇ ಏನೂ ಕಾಣುತ್ತಿರಲಿಲ್ಲ. ಕೂಸು ಮಾತ್ರ ಹೊಳೆಯುವ ಪರದೆಯನ್ನು ಬಡಿಯಲು ಕೈ ಚಾಚುತ್ತಿತ್ತು. ಅವಳು ಮೂಗು ಒರೆಸಿಕೊಂಡು ಹೇಳಿದಳು:

"ಅವ್ವನ್ನ ಕತ್ತರಿಸಬ್ಯಾಡ್ರಿ ಅಕ್ಕಾರ. ನಾಕೂ ಮಂದೀನ ಕೊಡ್ರಿ."

ಕೊಟ್ಟೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪ್ರಿಂಟ್, ಸುತ್ತ ಅಗಲವಾದ ಬಿಳಿ ಅಂಚು.

ನಾನು ನಿವೃತ್ತಳಾಗಿ ಈಗ ಕೆಲವು ವರ್ಷಗಳಾದವು. ಕ್ಯಾಮೆರಾದ ತಾರೀಖು ಸರಿಯಿಡಿ, ಮೂಲ ಫೈಲಿನ ಮೇಲೆ ಕತ್ತರಿ ಆಡಿಸಬೇಡಿ, ಪ್ರತಿ ಮಾಡಿಕೊಂಡು ತಿದ್ದಿ ಎಂದು ಈಗಲೂ ಸಿಕ್ಕವರಿಗೆಲ್ಲ ಹೇಳಿ ಬೇಸರ ತರಿಸುತ್ತೇನೆ. ಆದರೆ ಈ ಪ್ರಕರಣ ನನಗೆ ಕಲಿಸಿದ್ದು ಅದಕ್ಕಿಂತ ಸ್ವಲ್ಪ ಹೆಚ್ಚಿನದು. ಕ್ಯಾಮೆರಾ ತನಗೆ ತಿಳಿದದ್ದನ್ನು ತಾನೇ ಬರೆದುಕೊಳ್ಳುತ್ತದೆ. ತನಗೆ ತಿಳಿಯದ್ದಕ್ಕಾಗಿ ಆ ಮಾಹಿತಿಯ ನಡುವೆ, ವಿವರ ಎಂಬ ಕಡೆ, ಸ್ವಲ್ಪ ಜಾಗ ಖಾಲಿ ಬಿಟ್ಟಿರುತ್ತದೆ. ಅದನ್ನು ತುಂಬಬೇಕಾದವರು ಮನೆಯವರು. ಹೆಚ್ಚಿನವರು ತುಂಬುವುದಿಲ್ಲ, ಹಾಗೆ ಒಂದು ಜಾಗ ಇದೆಯೆಂದೇ ಅವರಿಗೆ ಗೊತ್ತಿರುವುದಿಲ್ಲ.

ಅವತ್ತು ಅವರನ್ನು ಕೂರಿಸಿಕೊಂಡೇ ನಾನು ಅದನ್ನು ತುಂಬಿದೆ. ಮೊದಲು ಕುಬುಸದ ನಿಜವಾದ ತಾರೀಖು ಕೇಳಿ ತಿದ್ದಿದೆ. ಆಮೇಲೆ ಹೆಸರುಗಳು. ಎಡಗಡೆ ನಿಂತವಳು ಫಕೀರವ್ವ, ನಡುವೆ ರೇಣುಕಾ, ಬಲಗಡೆ ಅವಳ ಗಂಡ. ಕೂಸಿನ ಹೆಸರೇನವ್ವಾ ಎಂದೆ. ಅಕ್ಷತಾ ಎಂದಳು. ಅದನ್ನೂ ಬರೆದೆ, ಪಕ್ಕದಲ್ಲಿ ಹೀಗೆ ಸೇರಿಸಿದೆ: ತಾಯಿಯ ಹೊಟ್ಟೆಯಲ್ಲಿದ್ದಾಳೆ, ಕಾಣುವುದಿಲ್ಲ.